ವತ್ಸನಾಭಿ: ಹೂವು ಹಿಮಾಲಯದಲ್ಲಿ, ಬೇರು ನಮ್ಮೂರಿನಲ್ಲಿ

ಮಳೆಗಾಲದಲ್ಲಿ ನಮ್ಮ ರೈತರು ತಲೆಗೆ ಹಾಕಿಕೊಳ್ಳುವ ಕಂಬಳಿ ಕೊಪ್ಪೆಯನ್ನು ನೋಡಿದ್ದೀರಲ್ಲವೆ? ಅದೇ ಆಕಾರದ ನೀಲಿ ಹೂ ಬಿಡುವ ಗಿಡವೊಂದು ಹಿಮಾಲಯದ ಎತ್ತರದ ಕಾಡಿನಂಚುಗಳಲ್ಲಿ ಬೆಳೆಯುತ್ತದೆ. ಅದೇ ವತ್ಸನಾಭಿ. ದಾವಣಗೆರೆ, ಹರಿಹರಗಳಲ್ಲಿ ಈ ಹೂವನ್ನು ಕಂಡವರು ಅಪರೂಪ. ಆದರೆ ಅದರ ಒಣಗಿದ ಬೇರು ಗ್ರಂಥಿಗೆ ಅಂಗಡಿಯ ದಾರಿ ಹಿಡಿದು ಇಲ್ಲಿಯವರೆಗೂ ಬರುತ್ತದೆ. ಬೇರು ಕರುವಿನ ಹೊಕ್ಕುಳನ್ನು ಹೋಲುವುದರಿಂದ ಈ ಹೆಸರು.

ಹರಿಹರದ ಕಡೆಯ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಇಂತಹ ತುಂಡೊಂದನ್ನು ತೋರಿಸಿ, “ಇದನ್ನ ತೇದು ಮಂಡಿಗೆ ಹಚ್ಕೋತೀನಿ, ಕಷಾಯಕ್ಕೂ ಸ್ವಲ್ಪ ಹಾಕ್ಲೇನ್ರೀ ಡಾಕ್ಟ್ರೇ?” ಎಂದು ಕೇಳಿದರು. ಖಂಡಿತ ಹಾಕಬಾರದು. ಹಚ್ಚುವುದೂ ಬೇಡ, ಗಾಯವಾದ ಚರ್ಮದ ಮೂಲಕವೂ ಈ ವಿಷ ಒಳಸೇರಬಲ್ಲದು.

ಬೇರಿನಲ್ಲಿರುವ ಮುಖ್ಯ ವಿಷ ಅಕೊನಿಟಿನ್ ಮತ್ತು ಅದರ ಬಳಗದ ಕ್ಷಾರವಸ್ತುಗಳು. ನರ ಹಾಗೂ ಹೃದಯದ ಜೀವಕೋಶಗಳಲ್ಲಿ ಸೋಡಿಯಂ ಒಳಬರಲು ಬಾಗಿಲುಗಳಿವೆ. ಹೃದಯದ ಪ್ರತಿ ಬಡಿತಕ್ಕೂ ಅವು ತೆರೆದು ಮತ್ತೆ ಮುಚ್ಚಬೇಕು. ಈ ವಿಷ ಅವನ್ನು ಮುಚ್ಚಗೊಡುವುದಿಲ್ಲ. ಬಡಿತ ಲಯ ತಪ್ಪಿ ಹೃದಯ ನಿಂತೇ ಹೋಗಬಹುದು. ಶುದ್ಧ ಅಕೊನಿಟಿನ್ ಕೇವಲ 2 ಮಿಲಿಗ್ರಾಂ ಸಾಕು, ವಯಸ್ಕರ ಪ್ರಾಣಕ್ಕೆ ಅಪಾಯ.

“ಆಯುರ್ವೇದದಲ್ಲಿ ಬಳಸುತ್ತಾರಲ್ಲ?” ಎನ್ನುವಿರಿ. ನಿಜ. ಜ್ವರಕ್ಕೆ ಕೊಡುವ ತ್ರಿಭುವನಕೀರ್ತಿ ರಸದಲ್ಲಿ ಇದು ಇದೆ. ಆದರೆ ಅಲ್ಲಿ ಸೇರುವುದು ಶೋಧಿಸಿದ ಬೇರು. ಗೋಮೂತ್ರದಲ್ಲಿ ದಿನಗಟ್ಟಲೆ ನೆನೆಸಿ ಅಥವಾ ಹಾಲಿನಲ್ಲಿ ಬೇಯಿಸಿ ಶೋಧಿಸುತ್ತಾರೆ. ಬೇಯುವಾಗ ಅಕೊನಿಟಿನ್ ಒಡೆದು ಕಡಿಮೆ ವಿಷದ ವಸ್ತುಗಳಾಗುತ್ತದೆಂದು ಇಂದಿನ ರಸಾಯನಶಾಸ್ತ್ರವೂ ಒಪ್ಪುತ್ತದೆ. ಹಿಂದಿನವರ ಜಾಣತನ ಮೆಚ್ಚತಕ್ಕದ್ದೇ. ಆದರೂ 1940ರ ಔಷಧ ಕಾಯ್ದೆಯ ವಿಷದ್ರವ್ಯಗಳ ಪಟ್ಟಿಯಲ್ಲಿ ವತ್ಸನಾಭಿ ಸೇರಿದೆ. ಇಂತಹ ಔಷಧಿಯನ್ನು ವೈದ್ಯರ ನಿಗಾದಲ್ಲೇ ಸೇವಿಸಬೇಕು. ಮನೆಯ ಒಲೆಯ ಮೇಲೆ ಅರ್ಧ ಗಂಟೆ ಕುದಿಸಿದ ಕಷಾಯವನ್ನು ಶೋಧನೆ ಎಂದು ನಂಬುವಂತಿಲ್ಲ.

ಅಕಸ್ಮಾತ್ ಹೊಟ್ಟೆಗೆ ಹೋದರೆ ಮೊದಲು ತುಟಿ, ನಾಲಿಗೆ ಜುಮುಗುಡುತ್ತವೆ. ಕೆಲವು ನಿಮಿಷಗಳಲ್ಲೇ ಆಗಬಹುದು, ಒಂದೆರಡು ಗಂಟೆಯೂ ಹಿಡಿಯಬಹುದು. ಬಳಿಕ ಮುಖ, ಕೈಕಾಲು ಮರಗಟ್ಟುತ್ತವೆ. ವಾಂತಿ, ನಿಶ್ಶಕ್ತಿ, ಎದೆ ಡವಡವ ಬರುತ್ತವೆ. ಇದನ್ನು ಪಿತ್ತವೆಂದು ಭಾವಿಸಿ ನಿಂಬೆ ಶರಬತ್ತು ಕುಡಿಸುತ್ತ ಕೂರಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ಬೇಡ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಇ.ಸಿ.ಜಿ. ನೋಡುತ್ತಾ ಹೃದಯದ ಲಯ ಕಾಯುವುದೇ ಚಿಕಿತ್ಸೆ. ಆದ್ದರಿಂದ ಹರಿಹರದವರು ತಡಮಾಡದೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಬಾಪೂಜಿ ಆಸ್ಪತ್ರೆಗೋ ಹೊರಡಬೇಕು. ರೋಗಿ ಸ್ವಲ್ಪ ಚೇತರಿಸಿಕೊಂಡರೂ ಒಂದು ದಿನವಾದರೂ ನಿಗಾದಲ್ಲಿರಬೇಕು. ಹೋಗುವಾಗ ಉಳಿದ ಬೇರನ್ನು ಪೊಟ್ಟಣದ ಸಮೇತ ಜೊತೆಗೆ ಒಯ್ಯಿರಿ.