ಲವ ಕುಶರು ಅಪ್ಪನನ್ನು ಕಂಡದ್ದು

ಅಕ್ಕಂದಿರೇ, ನಿಮ್ಮೂರ ಜಾತ್ರೆಯಲ್ಲಿ ಲವಕುಶ ನಾಟಕ ನೋಡಿದ್ದೀರಾ? ಕರಾವಳಿ ಕಡೆ ಯಕ್ಷಗಾನದಲ್ಲಿ ಇದನ್ನು 'ಕುಶಲವರ ಕಾಳಗ' ಅಂತಾರೆ.

ಕಥೆ ನಿಮಗೆ ಗೊತ್ತು. ಜನ ಆಡಿಕೊಂಡರು ಅಂತ ರಾಮ ಸೀತೆಯನ್ನು ಕಾಡಿಗೆ ಕಳಿಸಿದ. ಆಗ ಆಕೆ ಬಸುರಿ. ವಾಲ್ಮೀಕಿ ಮುನಿಯ ಆಶ್ರಮದಲ್ಲಿ ಅವಳಿ ಗಂಡುಮಕ್ಕಳನ್ನು ಹೆತ್ತಳು. ಮಕ್ಕಳು ಅಪ್ಪನ ಮುಖ ಕಾಣದೆ ಬೆಳೆದರು.

ಮುಂದೆ ರಾಮ ಅಶ್ವಮೇಧ ಯಾಗ ಮಾಡಿದ. ಯಾಗದ ಕುದುರೆ ಆಶ್ರಮದ ತೋಟಕ್ಕೆ ನುಗ್ಗಿತು. ಇದನ್ನು ಲಕ್ಷ್ಮೀಶ ಕವಿ 'ಜೈಮಿನಿ ಭಾರತ'ದಲ್ಲಿ ಬಹಳ ಚೆನ್ನಾಗಿ ಹೇಳಿದ್ದಾನೆ. ಕುದುರೆಯ ಹಣೆಯ ಮೇಲೆ ಒಂದು ಬರಹ ಇತ್ತು. ಲವ ಅದನ್ನು ಓದಿದ. (ಓದು ಬಂದದ್ದಕ್ಕೇ ಜಗಳ ಶುರುವಾಯಿತು ನೋಡಿ!) ಲೋಕದಲ್ಲಿ ಕೌಸಲ್ಯೆಯ ಮಗ ರಾಮನೊಬ್ಬನೇ ವೀರ, ತಾಕತ್ತಿದ್ದರೆ ಕುದುರೆ ತಡೆಯಿರಿ ಅಂತ ಅದರಲ್ಲಿತ್ತು. ಹಾಗಾದರೆ ನನ್ನ ತಾಯಿ ಬಂಜೆಯೇ ಅಂತ ಲವನಿಗೆ ಸಿಟ್ಟು ಬಂತು. ಹೊದ್ದ ಬಟ್ಟೆಯಿಂದಲೇ ಕುದುರೆಯನ್ನು ಬಾಳೆಗಿಡಕ್ಕೆ ಕಟ್ಟಿದ. ಅರಸರ ಕುದುರೆ, ಬಿಡು ಬಿಡು ಎಂದು ಜೊತೆಯ ಹುಡುಗರು ಹೆದರಿದರು. ಜಾನಕಿಯ ಮಗ ಹೆದರುವವನಲ್ಲ ಅಂದ.

ಜಾನಕಿ ಅಂದರೆ ಸೀತೆ. ಹುಡುಗನಿಗೆ ತಾಯಿಯ ಹೆಸರೇ ಸಾಕಾಯಿತು. ಶಾಲೆಗೆ ಮಗು ಸೇರಿಸುವಾಗ ನಾವು ಮೇಷ್ಟ್ರುಗಳು ಮೊದಲು ಕೇಳೋದು ತಂದೆಯ ಹೆಸರನ್ನೇ. ಒಬ್ಬ ತಾಯಿ ತುಂಬಾ ಹೊತ್ತು ಸುಮ್ಮನೆ ನಿಂತದ್ದು ನನಗಿನ್ನೂ ನೆನಪಿದೆ.

ಅಪ್ಪ ಮಕ್ಕಳು ಸೇರುವ ಬಗೆ ಎಲ್ಲ ಕಡೆ ಒಂದೇ ಅಲ್ಲ. ವಾಲ್ಮೀಕಿ ರಾಮಾಯಣದಲ್ಲಿ ಮಕ್ಕಳು ರಾಮನ ಮುಂದೆ ಅವನ ಕಥೆಯನ್ನೇ ಹಾಡುತ್ತಾರೆ. ಇವರು ತನ್ನ ಮಕ್ಕಳೆಂದು ರಾಮನಿಗೆ ತಿಳಿಯುತ್ತದೆ. ಆದರೆ ಸೀತೆ ತಾನು ಶುದ್ಧಳೆಂದು ಸಭೆಯಲ್ಲಿ ತೋರಿಸಬೇಕು ಅನ್ನುತ್ತಾನೆ. ಆಕೆ ಭೂಮಿತಾಯಿಯನ್ನು ಕರೆದು ಅವಳ ಮಡಿಲು ಸೇರುತ್ತಾಳೆ. ಮಕ್ಕಳಿಗೆ ಅಪ್ಪ ಸಿಕ್ಕ, ಅಮ್ಮ ಹೋದಳು.

ಸುಮಾರು 1300 ವರ್ಷಗಳ ಹಿಂದೆ ಭವಭೂತಿ ಎಂಬ ಕವಿ ಸಂಸ್ಕೃತದಲ್ಲಿ 'ಉತ್ತರರಾಮಚರಿತ' ಎಂಬ ನಾಟಕ ಬರೆದ. ಅಲ್ಲಿ 12 ವರ್ಷ ಕಳೆದ ಮೇಲೆ ರಾಮ ಹುಡುಗರನ್ನು ನೋಡುತ್ತಾನೆ. ಅವರ ಮುಖದಲ್ಲಿ ಸೀತೆಯ ಹೋಲಿಕೆ ಕಂಡು ಅವನ ಕರುಳು ಚುರುಕ್ ಅನ್ನುತ್ತದೆ. ಕೊನೆಗೆ ನಾಲ್ವರೂ ಒಂದಾಗುತ್ತಾರೆ. ಭವಭೂತಿಗೆ ಆಕೆಯನ್ನು ಮಣ್ಣಿಗೆ ಕಳಿಸಲು ಮನಸ್ಸು ಬರಲಿಲ್ಲವೇನೋ.

ನಮ್ಮೂರಲ್ಲಿ ನಾಟಕ ಮುಗಿದ ಮೇಲೆ ಹೆಂಗಸರಲ್ಲಿ ವಾದ ಹತ್ತಿತು. ಮಕ್ಕಳ ಮುಖ ನೋಡಿಯಾದರೂ ಸೀತೆ ಇರಬೇಕಿತ್ತು ಅಂದರು ಕೆಲವರು. ಎಷ್ಟು ಸಲ ಪರೀಕ್ಷೆ ಕೊಡೋದು, ಹೋಗಿದ್ದೇ ಸರಿ ಅಂದಳು ಒಬ್ಬ ಅಜ್ಜಿ. ಚಾಪೆ ಸುತ್ತಿಕೊಂಡು ಮನೆ ಕಡೆ ಹೊರಟರೂ ಮಾತು ನಿಂತಿರಲಿಲ್ಲ.