ಸೋಪಿನ ಹೆಸರಲ್ಲಿ ಹಾಡಿದ ಗಾಯಕರು
ಪಾಲ್ ಆಲಿವರ್, ಆಲಿವ್ ಪಾಮರ್. 1920ರ ದಶಕದ ಕೊನೆಯಲ್ಲಿ ಅಮೆರಿಕದ ರೇಡಿಯೋ ಕೇಳುಗರಿಗೆ ಅಚ್ಚುಮೆಚ್ಚಿನ ಜೋಡಿ. ಎರಡೂ ಹೆಸರನ್ನು ಒಮ್ಮೆ ಬೇಗಬೇಗ ಹೇಳಿ ನೋಡಿ. ಪಾಮೋಲಿವ್! ಹೌದು, ಅದೇ ಸೋಪು.

ಅವರ ನಿಜವಾದ ಹೆಸರು ಫ್ರಾಂಕ್ ಮನ್ ಮತ್ತು ವರ್ಜೀನಿಯಾ ರೇ. ‘ಪಾಮೋಲಿವ್ ಅವರ್’ ಕಾರ್ಯಕ್ರಮದಲ್ಲಿ ಹಾಡಲು ಸ್ವಂತ ಹೆಸರನ್ನೇ ಬದಿಗಿಡಬೇಕಾಯಿತು. ಕಲಾವಿದರಿಗೆ ಇದಕ್ಕಿಂತ ದೊಡ್ಡ ಬೆಲೆ ಯಾವುದು?

ಯಾಕೆ ಹೀಗಾಯಿತು? ನ್ಯೂಯಾರ್ಕಿನ ಡಬ್ಲ್ಯೂಇಎಎಫ್ ಕೇಂದ್ರ 1922ರಲ್ಲಿ ಪ್ರಸಾರದ ಸಮಯವನ್ನು ಹಣಕ್ಕೆ ಕೊಡಲು ಶುರು ಮಾಡಿತು. ಆದರೆ ಜನರ ಮನೆಯೊಳಗೆ ಬಂದು ‘ನಮ್ಮ ಮಾಲು ಕೊಳ್ಳಿ, ಬೆಲೆ ಇಷ್ಟು’ ಅನ್ನುವುದು ಮರ್ಯಾದೆಯಲ್ಲ ಎಂಬ ಭಾವನೆ ಆಗ ಬಲವಾಗಿತ್ತು. ಎನ್‌ಬಿಸಿ ಜಾಲ ಬೆಲೆ ಹೇಳಲು ಒಪ್ಪಿದ್ದೇ 1932ರಲ್ಲಿ. ಅಲ್ಲಿಯವರೆಗೆ ಕಂಪನಿಗಳಿಗೆ ಉಳಿದಿದ್ದ ದಾರಿ, ಹಾಡುವವರಿಗೆ, ವಾದ್ಯವೃಂದಕ್ಕೆ ತಮ್ಮ ಹೆಸರಿಡುವುದು.

ಶುಂಠಿ ಸೋಡಾ ಮಾರುತ್ತಿದ್ದ ಕ್ಲಿಕೋ ಕ್ಲಬ್ ಕಂಪನಿಯದು ‘ಕ್ಲಿಕೋ ಕ್ಲಬ್ ಎಸ್ಕಿಮೋಸ್’ ತಂಡ. ಹ್ಯಾರಿ ರೀಸರ್ ಅವರ ಮಿಂಚಿನ ಬ್ಯಾಂಜೋ, ಜೊತೆಗೆ ಹಿಮಗಾಡಿಯ ಗಂಟೆ, ನಾಯಿಗಳ ಬೊಗಳು. ಕೇಳುತ್ತಲೇ ತಣ್ಣನೆಯ ಬಾಟಲಿ ನೆನಪಾಗಬೇಕು!

ಗುಡ್‌ರಿಚ್ ಟೈರ್ ಕಂಪನಿ ಇನ್ನೂ ಮುಂದೆ ಹೋಯಿತು. ಅದರ ಟೈರಿನ ಹೆಸರು ಸಿಲ್ವರ್‌ಟೌನ್. ಹಾಗಾಗಿ ಗಾಯಕ ಜೋಸೆಫ್ ವೈಟ್ ‘ಸಿಲ್ವರ್ ಮಾಸ್ಕ್ಡ್ ಟೆನರ್’ ಆದರು. ಜನರೆದುರು ಬಂದರೆ ಬೆಳ್ಳಿ ಮುಖವಾಡ. ಅವರು ಯಾರೆಂಬುದು ಗುಟ್ಟು. ಅಷ್ಟು ಒಳ್ಳೆಯ ದನಿಯ ಹಿಂದಿದ್ದ ಮುಖವನ್ನು ಅಭಿಮಾನಿಗಳಿಂದ ಮುಚ್ಚಿಟ್ಟದ್ದು ನನಗಂತೂ ಅನ್ಯಾಯ ಅನ್ನಿಸುತ್ತದೆ.

‘ಪಾಮೋಲಿವ್ ಅವರ್’ 1931ರಲ್ಲಿ ನಿಂತಿತು. ಅದೇ ವರ್ಷ ಫ್ರಾಂಕ್ ಮನ್ ಇನ್ನೊಂದು ಪ್ರಾಯೋಜಿತ ಸಂಗೀತ ಕಾರ್ಯಕ್ರಮಕ್ಕೆ ಹೋದರು. ಈ ಸಲ ಫ್ರಾಂಕ್ ಮನ್ ಎಂಬ ಹೆಸರಲ್ಲೇ.