ತೆಲುಗು ಬಂತು, ಇಂಗ್ಲಿಷ್ ಯಾಕೆ ಬರಲಿಲ್ಲ?

ತೆಲುಗು ಶಾಲೆಯ ಮೆಟ್ಟಿಲು ಹತ್ತದೆಯೇ ತೆಲುಗು ಕಲಿತವರು ರಾಯಚೂರಿನ ಓಣಿ ಓಣಿಯಲ್ಲಿ ಸಿಗುತ್ತಾರೆ. ಗಡಿಯಾಚೆಯ ನೆಂಟಸ್ತಿಕೆ, ವ್ಯಾಪಾರದ ಜೊತೆಗೆ ಸಿನಿಮಾವೂ ಅವರಿಗೆ ಮೇಷ್ಟ್ರು. ದೇವದುರ್ಗ, ಮಾನ್ವಿಯ ಹುಡುಗರೂ ತೆಲುಗು ಡೈಲಾಗು ಒಪ್ಪಿಸುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದ ಇದೇ ಹುಡುಗರು ಪಿಯುಸಿ ವಿಜ್ಞಾನಕ್ಕೆ ಸೇರಿ ಇಂಗ್ಲಿಷ್ ಪುಸ್ತಕದ ಮುಂದೆ ಕಂಗಾಲಾಗಿ ಕುಳಿತರೆ, 'ಇಂಗ್ಲಿಷ್ ಪಿಚ್ಚರ್ ನೋಡು, ತಾನ ಬರ್ತದ' ಎಂಬ ಸಲಹೆ ಸಿಗುತ್ತದೆ. ನೋಡುತ್ತಾರೆ. ಹೊಡೆದಾಟ ನೆನಪಿರುತ್ತದೆ, ಪದ ಉಳಿಯುವುದಿಲ್ಲ.

ಕಾರಣ ಲೆಕ್ಕದಲ್ಲಿದೆ. ಊರು, ಕಾಲು, ಐದು ಕನ್ನಡ, ತೆಲುಗು ಎರಡರಲ್ಲೂ ಒಂದೇ. ಪ್ರೇಮ, ದ್ರೋಹ, ಧೈರ್ಯಗಳೂ ಅಷ್ಟೆ. ತೆಲುಗಿನಲ್ಲೂ ಕ್ರಿಯಾಪದ ಕನ್ನಡದಂತೆಯೇ ವಾಕ್ಯದ ಕೊನೆಗೆ ಬರುತ್ತದೆ. ಹೀಗೆ ಸಾಕಷ್ಟು ಮಾತು ಮೊದಲೇ ಪರಿಚಿತವಾದ್ದರಿಂದ, ಉಳಿದದ್ದನ್ನು ಊಹಿಸಲು ಮೆದುಳಿಗೆ ಬಿಡುವು ಸಿಗುತ್ತದೆ. ಇಂಗ್ಲಿಷಿನಲ್ಲಿ ಆ ಬಿಡುವು ಎಷ್ಟು ಪದಕ್ಕೆ ಸಿಕ್ಕೀತು? ಸ್ಟುವರ್ಟ್ ವೆಬ್ ಮತ್ತು ಮೈಕೆಲ್ ರಾಜರ್ಸ್ 2009ರಲ್ಲಿ 318 ಚಲನಚಿತ್ರಗಳ ಸಂಭಾಷಣೆಯನ್ನು ಎಣಿಸಿ ನೋಡಿದರು. ಹೆಚ್ಚು ಬಳಕೆಯ 3,000 ಪದಕುಟುಂಬಗಳು ಗೊತ್ತಿದ್ದರೆ, ಹೆಸರುಗಳೂ ಸೇರಿ, ಶೇ. 95ರಷ್ಟು ಮಾತು ಪರಿಚಿತವಾಗುತ್ತದೆ. ರನ್, ರನ್ಸ್, ರನ್ನಿಂಗ್ ಇವೆಲ್ಲ ಸೇರಿ ಒಂದು ಕುಟುಂಬ. ಆಗಲೂ ಇಪ್ಪತ್ತಕ್ಕೊಂದು ಪದ ಅಪರಿಚಿತವೇ. ಶೇ. 98 ಮುಟ್ಟಲು 6,000 ಬೇಕು. ಆದ್ದರಿಂದ ಸಿನಿಮಾ ಮೊದಲ ಮೆಟ್ಟಿಲಲ್ಲ. ಬುನಾದಿಯ ಪದಗಳನ್ನು ಪುಸ್ತಕದಿಂದ, ಮೇಷ್ಟರಿಂದ ಕಲಿತೇ ಅದರ ಕಡೆ ಹೋಗಬೇಕು.

ಗೊತ್ತಿರುವ ಪದವೂ ಕಿವಿಗೆ ಬೀಳದಿರುವುದು ಇನ್ನೊಂದು ತೊಡಕು. ಕನ್ನಡದಲ್ಲಿ ಬಹುಮಟ್ಟಿಗೆ ಬರೆದದ್ದನ್ನೇ ಉಚ್ಚರಿಸುತ್ತೇವೆ. ಇಂಗ್ಲಿಷ್ ಮಾತು ಒತ್ತು ಬಿದ್ದ ಕಡೆ ನಿಂತು ಉಳಿದ ಸ್ವರಗಳನ್ನು ನುಂಗುತ್ತದೆ. 'ವಾಟ್ ಆರ್ ಯು ಗೋಯಿಂಗ್ ಟು ಡೂ' ಎಂಬ ಆರು ಪದಗಳು ಪರದೆಯ ಮೇಲೆ 'ವಾಚಗನಡೂ' ಎಂದು ಒಂದೇ ಉಸಿರಿನಲ್ಲಿ ಮುಗಿಯುತ್ತವೆ. ಆರೂ ಪದಗಳು ಪ್ರಾಥಮಿಕ ಶಾಲೆಯವೇ! ವಿದ್ಯಾರ್ಥಿ ತನಗೆ ಇಂಗ್ಲಿಷೇ ಬಾರದೆಂದು ಕೈಚೆಲ್ಲುವುದು ಇಂಥಲ್ಲಿ. ಇದು ನನಗೆ ನೋವಿನ ಸಂಗತಿ. ಅವನಿಗಿರುವ ಕೊರತೆ ಕಿವಿಯ ರೂಢಿ ಮಾತ್ರ.

ಇಲ್ಲಿ ನೆರವಾಗುವುದು ಪರದೆಯ ಕೆಳಗಿನ ಅಕ್ಷರ. ಯಾವ ಭಾಷೆಯ ಅಕ್ಷರ ಎಂಬುದೇ ಮುಖ್ಯ. ಹೋಲ್ಗರ್ ಮಿಟರರ್ ಮತ್ತು ಜೇಮ್ಸ್ ಮೆಕ್ವೀನ್ 2009ರಲ್ಲಿ, ಇಂಗ್ಲಿಷ್ ಬಲ್ಲ ಡಚ್ ವಿದ್ಯಾರ್ಥಿಗಳಿಗೆ ಪರಿಚಯವಿಲ್ಲದ ಸ್ಕಾಟಿಷ್ ಮತ್ತು ಆಸ್ಟ್ರೇಲಿಯನ್ ಧಾಟಿಯ ಚಿತ್ರಭಾಗಗಳನ್ನು 25 ನಿಮಿಷ ತೋರಿಸಿದರು. ಇಂಗ್ಲಿಷ್ ಅಕ್ಷರ ಕಂಡವರ ಕಿವಿ ಆ ಧಾಟಿಗೆ ಹೊಂದಿಕೊಂಡಿತು. ಡಚ್ ಅಕ್ಷರ ಓದಿದವರು ಆ ಧಾಟಿಯ ಹೊಸ ವಾಕ್ಯಗಳನ್ನು ಹಿಡಿಯುವುದರಲ್ಲಿ ಹಿಂದೆ ಬಿದ್ದರು. ಆದುದರಿಂದ ಕಥೆ ತಿಳಿಯಲು ಒಮ್ಮೆ ಕನ್ನಡದಲ್ಲೋ ತೆಲುಗಿನಲ್ಲೋ ನೋಡಿ, ಕಲಿಯಲು ಕೂತಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಬೇಕು. ಆಡಿದ್ದನ್ನೇ ಅದೇ ಭಾಷೆಯಲ್ಲಿ ಬರೆದು ತೋರಿಸುವ ಈ ಉಪಾಯ ನಮ್ಮಲ್ಲೂ ಹಳೆಯದು. ಅಹಮದಾಬಾದಿನ ಐಐಎಂನ ಬ್ರಿಜ್ ಕೊಠಾರಿ 1996ರಿಂದ ಇದರ ಬೆನ್ನು ಹತ್ತಿ, ದೂರದರ್ಶನದ ಚಿತ್ರಗೀತೆಗಳ ಮೂಲಕ ಓದು ಕಲಿಸಲು ಬಳಸಿದರು.

ಆಸೆಗೂ ಅಳತೆ ಇರಲಿ. ಬೆಲ್ಜಿಯಂನ ವಿದ್ಯಾರ್ಥಿಗಳಿಗೆ ಒಂದು ಗಂಟೆಯ ಟಿವಿ ಸಾಕ್ಷ್ಯಚಿತ್ರ ತೋರಿಸಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರಿಗೆ ದಕ್ಕಿದ್ದು ಸರಾಸರಿ ನಾಲ್ಕೇ ಹೊಸ ಪದ. ಮರಳಿ ಮರಳಿ ಎದುರಾದ ಪದ ನಿಲ್ಲುತ್ತದೆ, ಒಮ್ಮೆ ಸುಳಿದದ್ದು ಜಾರುತ್ತದೆ. ಹಾಗಾಗಿ ಹತ್ತು ಚಿತ್ರಗಳಿಗಿಂತ ಒಂದೇ ಚಿತ್ರವನ್ನು ಹಲವು ಸಲ ನೋಡುವುದು ಮೇಲು. ಎರಡು ನಿಮಿಷದ ದೃಶ್ಯ ಆರಿಸಿ. ಲೋಟ ಉರುಳಿ ಹಾಲು ಚೆಲ್ಲುವಾಗ ಯಾರೋ 'ಸ್ಪಿಲ್' ಅಂದರೆ, ಚಿತ್ರ ಮತ್ತು ಸದ್ದು ಎರಡೂ ಸೇರಿ ನೆನಪಿಗೆ ಎರಡು ಹಿಡಿಕೆ ಸಿಗುತ್ತವೆ. ಮಾರನೆಯ ದಿನ ನೋಡದೆಯೇ ಆ ಪದವನ್ನು ಜ್ಞಾಪಿಸಿಕೊಳ್ಳಿ. ಹಾಗೆ ಎಳೆದು ತಂದದ್ದು ಮತ್ತೆ ಓದಿದ್ದಕ್ಕಿಂತ ಗಟ್ಟಿಯಾಗಿ ಕೂರುತ್ತದೆ.

ಭೌತಶಾಸ್ತ್ರದ ಪರಿಭಾಷೆ ಸಿನಿಮಾದಿಂದ ಬಾರದು, ಅದಕ್ಕೆ ಪುಸ್ತಕವೇ ಗತಿ. ಆದರೆ ಇಂಗ್ಲಿಷ್ ಪಾಠ ಕೇಳಿಸಿಕೊಳ್ಳುವ ಧೈರ್ಯ ಬರುತ್ತದೆ. ಟಿವಿ ಇರುವ ಶಾಲೆ, ಹಾಸ್ಟೆಲುಗಳು ಮಾನ್ವಿ, ದೇವದುರ್ಗ, ರಾಯಚೂರಿನಲ್ಲಿ ಎಲ್ಲೇ ಇರಲಿ, ವಾರಕ್ಕೊಂದು ಸಂಜೆ ಇಂಗ್ಲಿಷ್ ಅಕ್ಷರ ಸಮೇತ ಒಂದು ಚಿತ್ರ ಹಾಕಲಿ. ಮುಂದಿನ ವಾರ ಅದನ್ನೇ ಮತ್ತೆ ಹಾಕಲಿ.